ನ್ಯೂಕ್ಲಿಯರ್ ಫಿಷನ್, ನ್ಯೂಕ್ಲಿಯರ್ ಫ್ಯೂಷನ್: ಎಲ್ಲರೂ ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಪಿಯು ಕಾಲೇಜಲ್ಲಿ ಫಿಸಿಕ್ಸ್ ಪಾಠ ಮಾಡ್ತೀನಿ. ಸೆಕೆಂಡ್ ಪಿಯುಸಿಲಿ ನ್ಯೂಕ್ಲಿಯೈ ಅನ್ನೋ ಚಾಪ್ಟರ್ ಬಂತು ಅಂದ್ರೆ ಪ್ರತಿ ವರ್ಷವೂ ಇದೇ ಪ್ರಶ್ನೆಗಳು, ಮಕ್ಕಳು ಕೇಳ್ತಾರೆ, ಅವರು ಮನೇಲಿ ಹೇಳಿದ್ಮೇಲೆ ಅಪ್ಪ ಅಮ್ಮಂದಿರು ಕೇಳ್ತಾರೆ, ಪೇಪರಲ್ಲಿ ಫ್ಯೂಷನ್ ಸುದ್ದಿ ಬಂದ ದಿನ ಪಕ್ಕದ ಮನೆಯವರೂ ಕೇಳ್ತಾರೆ. ಎಲ್ಲರಿಗೂ ಒಂದೇ ಕಡೆ ಉತ್ತರ ಸಿಗ್ಲಿ ಅಂತ ಬರ್ದಿಟ್ಟಿದೀನಿ. ವ್ಯತ್ಯಾಸದ ಟೇಬಲ್ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡು ಆಮೇಲೆ ಎರಡನ್ನೂ ಅದಲು ಬದಲು ಮಾಡ್ಕೊಳ್ಳೋರನ್ನ ನೋಡಿ ನೋಡಿ ಬೇಜಾರಾಗಿದೆ, ಇಷ್ಟು ಚೆನ್ನಾಗಿರೋ ವಿಷಯ ಇದು, ಒಂದ್ಸಲ ಅರ್ಥ ಆದ್ರೆ ಮರೆಯೋಕೇ ಆಗಲ್ಲ.

ಮೊದ್ಲು ಸಿಂಪಲ್ಲಾಗಿ ಹೇಳಿ, ಎರಡಕ್ಕೂ ಏನ್ ವ್ಯತ್ಯಾಸ?

ಪರಮಾಣುವಿನ ನಟ್ಟನಡುವೆ ಇರೋ ಪುಟ್ಟ ಭಾಗವೇ ನ್ಯೂಕ್ಲಿಯಸ್. ದೊಡ್ಡ ನ್ಯೂಕ್ಲಿಯಸ್ ಒಡೆದು ಎರಡು ಚಿಕ್ಕದಾದ್ರೆ ಫಿಷನ್. ಎರಡು ಪುಟ್ಟ ನ್ಯೂಕ್ಲಿಯಸ್ ಸೇರಿ ಒಂದಾದ್ರೆ ಫ್ಯೂಷನ್. ಕನ್ನಡದಲ್ಲಿ ವಿದಳನ, ಸಮ್ಮಿಲನ ಅಂತಾರೆ. ವಿದಳನ ಅನ್ನೋದು ಕಷ್ಟದ ಪದ ಅನ್ಸಿದ್ರೆ ದ್ವಿದಳ ಧಾನ್ಯ ನೆನೆಸ್ಕೊಳ್ಳಿ, ತೊಗರಿಕಾಳನ್ನ ಬೀಸುಕಲ್ಲಿಗೆ ಹಾಕಿ ತಿರುಗಿಸಿದ್ರೆ ಒಂದು ಕಾಳು ಎರಡು ಬೇಳೆ ಆಗತ್ತಲ್ಲ, ಆ ದಳವೇ ಈ ವಿದಳನದಲ್ಲೂ ಇರೋದು. ಸಮ್ಮಿಲನಕ್ಕೆ ಮಳೆಗಾಲದಲ್ಲಿ ಕೆಸುವಿನ ಎಲೆ ನೋಡಿ, ಎರಡು ಹನಿ ಉರುಳಿಕೊಂಡು ಬಂದು ತಾಗಿದ ತಕ್ಷಣ ಒಂದೇ ದುಂಡನೆ ಹನಿ ಆಗ್ಬಿಡತ್ತೆ. ಇಂಗ್ಲಿಷ್ ಹೆಸರಲ್ಲೇ ಕನ್ಫ್ಯೂಸ್ ಆಗೋರಿಗೆ ಇನ್ನೊಂದು ದಾರಿ, ಫ್ಯೂಷನ್ ಮ್ಯೂಸಿಕ್ ಅಂದ್ರೆ ಎರಡು ಥರದ ಸಂಗೀತ ಕೂಡಿಸೋದು ಅಂತ ಎಲ್ಲರಿಗೂ ಗೊತ್ತಿರತ್ತೆ, ಇಲ್ಲೂ ಅದೇ ಅರ್ಥ.

ಒಡೆದ್ರೂ ಶಕ್ತಿ ಬರತ್ತೆ, ಸೇರಿಸಿದ್ರೂ ಶಕ್ತಿ ಬರತ್ತೆ ಅಂತೀರಿ. ಹಂಗಾದ್ರೆ ಒಡೆದು, ಸೇರಿಸಿ, ಮತ್ತೆ ಒಡೆದು ಕರೆಂಟ್ ಮಾಡ್ತಾನೇ ಇರಬಹುದಲ್ವಾ?

ನಾನು ಪಾಠ ಮಾಡೋಕೆ ಶುರು ಮಾಡಿದಾಗಿಂದ ಕೇಳಿರೋ ಅತ್ಯಂತ ಒಳ್ಳೆ ಪ್ರಶ್ನೆ ಇದು. ಇದಕ್ಕೆ ಉತ್ತರ ಗೊತ್ತಾದ್ರೆ ಮಿಕ್ಕಿದ್ದೆಲ್ಲ ತಾನಾಗೇ ಅರ್ಥ ಆಗತ್ತೆ, ಅದಕ್ಕೆ ಸ್ವಲ್ಪ ಉದ್ದವಾಗೇ ಹೇಳ್ತೀನಿ.

ಕಾಳಿ ನದಿ ಕಣಿವೆ ಥರದ ಒಂದು ಕಣಿವೆ ಕಲ್ಪಿಸ್ಕೊಳ್ಳಿ. ಕಣಿವೆಯ ತಳದಲ್ಲಿ ಕಬ್ಬಿಣ ಕೂತಿದೆ, ಕಬ್ಬಿಣ ಮತ್ತೆ ಅದರ ಅಕ್ಕಪಕ್ಕದ ನಿಕ್ಕಲ್. ಪ್ರಪಂಚದಲ್ಲಿರೋ ನ್ಯೂಕ್ಲಿಯಸ್‌ಗಳಲ್ಲೆಲ್ಲ ಅತಿ ಬಿಗಿಯಾಗಿ ಕಟ್ಟಿಕೊಂಡಿರೋದು ಇವು. ಕಣಿವೆಯ ಒಂದು ದಡದ ಮೇಲೆ ಹೈಡ್ರೋಜನ್, ಹೀಲಿಯಂ ಥರದ ಹಗುರ ಧಾತುಗಳು, ಆ ಕಡೆ ಇಳಿಜಾರು ಭಾರಿ ಕಡಿದು. ಇನ್ನೊಂದು ದಡದ ಮೇಲೆ ಯುರೇನಿಯಂ, ಪ್ಲುಟೋನಿಯಂ, ಆ ಕಡೆ ಇಳಿಜಾರು ನಿಧಾನ. ಮೇಲಿಂದ ಕೆಳಗೆ ನೀರು ಬಿದ್ರೆ ಕರೆಂಟ್ ಬರತ್ತಲ್ಲ, ಹಂಗೆ ಯಾವ ದಡದಿಂದ ಇಳಿದ್ರೂ ಶಕ್ತಿ ಬರತ್ತೆ. ಹಗುರದ ಕಡೆಯಿಂದ ತಳಕ್ಕೆ ಬರಬೇಕಂದ್ರೆ ಸೇರಬೇಕು, ಭಾರದ ಕಡೆಯಿಂದ ತಳಕ್ಕೆ ಬರಬೇಕಂದ್ರೆ ಒಡೀಬೇಕು. ಕಬ್ಬಿಣ ಒಡೆದ್ರೂ ಅಷ್ಟೇ, ಸೇರಿಸಿದ್ರೂ ಅಷ್ಟೇ, ನಾವೇ ಶಕ್ತಿ ಕೊಡಬೇಕಾಗತ್ತೆ, ಯಾಕಂದ್ರೆ ತಳದಿಂದ ಇನ್ನೆಲ್ಲಿಗೂ ಇಳಿಯೋಕಾಗಲ್ಲ. ಹೈಡ್ರೋಜನ್ ಸೇರಿಸಿ ಹೀಲಿಯಂ ಮಾಡಿ ಆಮೇಲೆ ಅದನ್ನೇ ಒಡೆದು ವಾಪಸ್ ಹೈಡ್ರೋಜನ್ ಮಾಡೋಕೆ ಹೋದ್ರೆ ಬಂದಿದ್ದನ್ನೆಲ್ಲ ಅಷ್ಟಕ್ಕಷ್ಟೇ ವಾಪಸ್ ಕೊಡಬೇಕು.

ಇನ್ನೊಂದು ವಿಷಯ ಸೇರಿಸ್ಕೊಳ್ಳಿ. ಎರಡೂ ದಡದಲ್ಲಿ ಇಳಿಜಾರು ಶುರು ಆಗೋಕೆ ಮುಂಚೆ ಒಂದು ಅಡ್ಡ ಇದೆ. ಯುರೇನಿಯಂ ಕಡೆ ಇರೋದು ಗದ್ದೆ ಬದುವಿನಷ್ಟು ಸಣ್ಣದು, ಚಾರ್ಜ್ ಇಲ್ಲದ ಪುಟ್ಟ ಕಣ ನ್ಯೂಟ್ರಾನ್ ಒಂದು ಬಂದು ತಾಗಿದ್ರೆ ಸಾಕು ದಾಟಿಬಿಡತ್ತೆ. ಹೈಡ್ರೋಜನ್ ಕಡೆ ಇರೋದು ಗುಡ್ಡ, ಯಾಕಂದ್ರೆ ಎರಡೂ ನ್ಯೂಕ್ಲಿಯಸ್ ಪಾಸಿಟಿವ್, ಹತ್ರ ಬಂದಷ್ಟೂ ಜೋರಾಗಿ ತಳ್ಳಾಡ್ತವೆ. ಅದಕ್ಕೇ ಮನುಷ್ಯರು ಫಿಷನ್ ಕಂಡುಹಿಡಿದ 4 ವರ್ಷಕ್ಕೆ ರಿಯಾಕ್ಟರ್ ನಡೆಸಿದ್ರು, ಫ್ಯೂಷನ್‌ಗೆ 70 ವರ್ಷದ ಮೇಲಾದ್ರೂ ಇನ್ನೂ ಗುಡ್ಡ ಹತ್ತುತ್ತಾ ಇದಾರೆ. ಫಿಷನ್‌ನಲ್ಲಿ ಶುರು ಮಾಡೋದು ಸುಲಭ, ನಿಂತ ಮೇಲೂ ಹುಷಾರಾಗಿ ನೋಡ್ಕೊಳ್ಳೋದು ಕಷ್ಟ. ಫ್ಯೂಷನ್‌ನಲ್ಲಿ ಶುರು ಮಾಡೋದೇ ಕಷ್ಟ, ಆರಿಹೋಗೋದಂತೂ ಕ್ಷಣದ ಕೆಲಸ. ಕೆಳಗೆ ಬರೋ ಮುಕ್ಕಾಲು ಪ್ರಶ್ನೆಗಳಿಗೆ ಉತ್ತರ ಈ ಬದು ಮತ್ತೆ ಗುಡ್ಡದಲ್ಲೇ ಇದೆ.

ಆ ಶಕ್ತಿ ಬರೋದು ಎಲ್ಲಿಂದ? ಏನಾದ್ರೂ ಉರಿಯತ್ತಾ?

ಉರಿಯಲ್ಲ. ಸೌದೆ, ಕಲ್ಲಿದ್ದಲು ಉರಿಯೋದ್ರಲ್ಲಿ ಎಲೆಕ್ಟ್ರಾನ್‌ಗಳ ಜೋಡಣೆ ಮಾತ್ರ ಬದಲಾಗತ್ತೆ, ನ್ಯೂಕ್ಲಿಯಸ್‌ಗೆ ಏನೂ ಆಗಿರಲ್ಲ. ಇಲ್ಲಿ ನ್ಯೂಕ್ಲಿಯಸ್ಸೇ ಬದಲಾಗತ್ತೆ, ಬದಲಾದ್ಮೇಲೆ ತೂಕ ಹಾಕಿ ನೋಡಿದ್ರೆ ಮೊದಲಿಗಿಂತ ಸ್ವಲ್ಪ ಕಡಿಮೆ ಇರತ್ತೆ, ಆ ಕಳೆದುಹೋದ ತೂಕ ಐನ್‌ಸ್ಟೈನ್ ಹೇಳಿದ ಲೆಕ್ಕದಲ್ಲಿ ಶಕ್ತಿಯಾಗಿ ಹೊರಗೆ ಬಂದಿರತ್ತೆ. ಯುರೇನಿಯಂ ಒಡೆದ್ರೆ ಕಳೆಯೋದು ಸಾವಿರದಲ್ಲಿ ಸುಮಾರು 1 ಭಾಗ. ಸೂರ್ಯನಲ್ಲಿ ಹೈಡ್ರೋಜನ್ ಸೇರಿ ಹೀಲಿಯಂ ಆಗೋವಾಗ ಸಾವಿರದಲ್ಲಿ 7 ಭಾಗ.

ಅಣು ಅನ್ಬೇಕಾ ಪರಮಾಣು ಅನ್ಬೇಕಾ?

ಅಣುಬಾಂಬು, ಅಣುವಿದ್ಯುತ್ ಅಂತ ಪೇಪರಲ್ಲಿ ರೂಢಿ ಆಗಿಹೋಗಿದೆ, ಮಾತಾಡೋವಾಗ ಪರವಾಗಿಲ್ಲ. ಪರೀಕ್ಷೇಲಿ ಮಾತ್ರ ಅಣು ಅಂದ್ರೆ ಮಾಲಿಕ್ಯೂಲ್, ಪರಮಾಣು ಅಂದ್ರೆ ಆಟಂ, ಇಲ್ಲಿ ಒಡೆಯೋದು ಕೂಡೋದು ಎಲ್ಲ ಪರಮಾಣುವಿನ ಒಳಗಿರೋ ನ್ಯೂಕ್ಲಿಯಸ್.

ಫಿಷನ್ ಕಂಡುಹಿಡಿದೋರು ಯಾರು?

ಬುಕ್ಕಲ್ಲಿ ಒಟ್ಟೋ ಹಾನ್ ಮತ್ತೆ ಫ್ರಿಟ್ಜ್ ಸ್ಟ್ರಾಸ್‌ಮನ್ ಅಂತ ಇರತ್ತೆ, 1938ರ ಡಿಸೆಂಬರ್, ಬರ್ಲಿನ್. ಸರಿ, ಪ್ರಯೋಗ ಮಾಡಿದ್ದು ಅವರೇ. ಯುರೇನಿಯಂಗೆ ನ್ಯೂಟ್ರಾನ್ ಹೊಡೆದ್ರೆ ಅದರ ಅಕ್ಕಪಕ್ಕದ ಧಾತು ಏನೋ ಸಿಗತ್ತೆ ಅಂದ್ಕೊಂಡಿದ್ರು, ಸಿಕ್ಕಿದ್ದು ಬೇರಿಯಂ, ಯುರೇನಿಯಂನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತೂಕದ್ದು. ಇದೇನು ಅಂತ ಅವರಿಗೇ ಗೊತ್ತಾಗ್ಲಿಲ್ಲ. ಹಾನ್ ಕಾಗದ ಬರೆದು ಕೇಳಿದ್ದು ಲೀಸ್ ಮೈಟ್ನರ್ ಅವರನ್ನ. ಆಕೆ ಹಾನ್ ಜೊತೆ 30 ವರ್ಷ ಕೆಲಸ ಮಾಡಿದ್ದ ಫಿಸಿಸಿಸ್ಟ್, ಯಹೂದಿ ಮನೆತನದವರು ಅನ್ನೋ ಕಾರಣಕ್ಕೆ ಅದೇ ವರ್ಷ ಜುಲೈನಲ್ಲಿ ಜರ್ಮನಿ ಬಿಟ್ಟು ಓಡಿಹೋಗಿ ಸ್ವೀಡನ್ ಸೇರಿದ್ರು. ಕ್ರಿಸ್‌ಮಸ್ ರಜೆಗೆ ಅವರ ಅಕ್ಕನ ಮಗ ಒಟ್ಟೋ ಫ್ರಿಶ್ ಬಂದಿದ್ರು, ಅವರೂ ಫಿಸಿಸಿಸ್ಟ್. ಇಬ್ಬರೂ ಹಿಮದಲ್ಲಿ ವಾಕಿಂಗ್ ಹೋಗ್ತಾ ಈ ಕಾಗದದ ವಿಷಯಾನೇ ಮಾತಾಡಿ, ಬಿದ್ದಿದ್ದ ಮರದ ದಿಮ್ಮಿ ಮೇಲೆ ಕೂತು ಚೀಟಿ ಮೇಲೆ ಲೆಕ್ಕ ಹಾಕಿದ್ರು. ನ್ಯೂಕ್ಲಿಯಸ್ ಒಂದು ನೀರಿನ ಹನಿ ಥರ, ನ್ಯೂಟ್ರಾನ್ ಬಿದ್ರೆ ಅಲ್ಲಾಡಿ ಉದ್ದ ಆಗಿ ನಡುವೆ ಸಣ್ಣಗಾಗಿ ಎರಡಾಗತ್ತೆ, ಆಗ 200 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯೋ ಪುಟ್ಟ ಅಳತೆ ಇದು) ಶಕ್ತಿ ಬರಬೇಕು ಅಂತ ಲೆಕ್ಕ ಸರಿಯಾಗಿ ಕೂತ್ಕೊಂಡಿತು. ಜೀವಕೋಶ ಎರಡಾಗೋದಕ್ಕೆ ಬಯಾಲಜಿಯವರು ಇಟ್ಟಿದ್ದ ಹೆಸರನ್ನೇ ತಗೊಂಡು ಫ್ರಿಶ್ ಇದಕ್ಕೆ ಫಿಷನ್ ಅಂತ ಹೆಸರಿಟ್ರು.

1944ರ ಕೆಮಿಸ್ಟ್ರಿ ನೊಬೆಲ್ ಹಾನ್ ಒಬ್ಬರಿಗೇ ಹೋಯ್ತು. ನನಗಂತೂ ಇದು ಈಗ್ಲೂ ಅನ್ಯಾಯ ಅಂತಾನೇ ಅನ್ಸತ್ತೆ, ಕ್ಲಾಸಲ್ಲಿ ಮೈಟ್ನರ್ ಹೆಸರನ್ನ ಬೋರ್ಡ್ ಮೇಲೆ ದೊಡ್ಡದಾಗಿ ಬರೆಸ್ತೀನಿ. 109ನೇ ಧಾತುವಿಗೆ ಮೈಟ್ನೇರಿಯಂ ಅಂತ ಹೆಸರಿಟ್ಟಿರೋದು ಇವರ ನೆನಪಿಗೇ.

ಚೈನ್ ರಿಯಾಕ್ಷನ್ ಅಂದ್ರೆ? ಫ್ಯೂಷನ್‌ನಲ್ಲೂ ಇರತ್ತಾ?

ಒಂದು ಯುರೇನಿಯಂ ಒಡೆದಾಗ ಎರಡೋ ಮೂರೋ ನ್ಯೂಟ್ರಾನ್ ಹೊರಗೆ ಬರ್ತವೆ, ಅವು ಹೋಗಿ ಇನ್ನೊಂದಷ್ಟು ಯುರೇನಿಯಂ ಒಡೀತವೆ, ಹಿಂಗೇ ಮುಂದುವರಿಯೋದೇ ಚೈನ್ ರಿಯಾಕ್ಷನ್. ರಿಯಾಕ್ಟರಲ್ಲಿ ಪ್ರತಿ ಸಲ ಸರಾಸರಿ ಒಂದೇ ನ್ಯೂಟ್ರಾನ್ ಮುಂದಿನದನ್ನ ಒಡೆಯೋ ಹಂಗೆ ನೋಡ್ಕೊಳ್ತಾರೆ, ಬಾಂಬಲ್ಲಿ ತಡೆ ಇಲ್ಲದೆ ಬಿಡ್ತಾರೆ. ಎನ್ರಿಕೋ ಫೆರ್ಮಿ ತಂಡ ಶಿಕಾಗೋದಲ್ಲಿ 1942ರ ಡಿಸೆಂಬರ್ 2ಕ್ಕೆ ಇದನ್ನ ಮೊದಲ ಸಲ ಹಿಡಿತದಲ್ಲಿ ನಡೆಸಿ ತೋರಿಸ್ತು. ಫ್ಯೂಷನ್‌ನಲ್ಲಿ ಈ ಥರದ ಚೈನ್ ಇಲ್ಲ, ಅಲ್ಲಿ ಬಿಸಿಯೇ ಮುಂದಿನದನ್ನ ನಡೆಸಬೇಕು, ಬಿಸಿ ಇಳೀತು ಅಂದ್ರೆ ಮುಗೀತು.

ಮನುಷ್ಯರು ಮಾಡೋಕೆ ಮುಂಚೆ ಪ್ರಕೃತಿಯಲ್ಲಿ ಫಿಷನ್ ಇರಲಿಲ್ವಾ ಅಂತಲೂ ಕೇಳ್ತಾರೆ. ಇತ್ತು. ಆಫ್ರಿಕಾದ ಗಬಾನ್ ದೇಶದ ಓಕ್ಲೋ ಗಣಿಯಲ್ಲಿ ಸುಮಾರು 200 ಕೋಟಿ ವರ್ಷದ ಹಿಂದೆ ನೆಲದೊಳಗೇ ತಾನಾಗೇ ರಿಯಾಕ್ಟರ್ ನಡೆದಿತ್ತು ಅನ್ನೋದು 1972ರಲ್ಲಿ ಗೊತ್ತಾಯ್ತು. ಅದಿರಲ್ಲಿ ಸುಲಭವಾಗಿ ಒಡೆಯೋ ಬಗೆಯ ಯುರೇನಿಯಂ, ಅಂದ್ರೆ ಯುರೇನಿಯಂ-235, ಇರಬೇಕಾದ್ದಕ್ಕಿಂತ ಕಡಿಮೆ ಇತ್ತು, ಹುಡುಕಿದ್ರೆ ಆಗ್ಲೇ ಖರ್ಚಾಗಿಹೋಗಿತ್ತು.

ನಮ್ಮ ಕೈಗಾದಲ್ಲಿ ನಡೆಯೋದು ಯಾವುದು?

ಫಿಷನ್. ಪ್ರಪಂಚದಲ್ಲಿ ಇವತ್ತು ಗ್ರಿಡ್ಡಿಗೆ ಕರೆಂಟ್ ಕೊಡ್ತಿರೋ ಅಣುಸ್ಥಾವರಗಳೆಲ್ಲವೂ ಫಿಷನ್ ಮೇಲೇ ನಡೆಯೋದು.

ಉತ್ತರ ಕನ್ನಡದ ಕೈಗಾದಲ್ಲಿ 220 ಮೆಗಾವ್ಯಾಟಿನ 4 ಯೂನಿಟ್ ಇವೆ, ಮೊದಲ ಎರಡು 2000ದಲ್ಲಿ ಕರೆಂಟ್ ಮಾರೋಕೆ ಶುರು ಮಾಡಿದ್ದು, ಮೂರನೇದು 2007, ನಾಲ್ಕನೇದು 2011. ಅಲ್ಲಿ ಹಾಕೋದು ನೆಲದಿಂದ ತೆಗೆದ ಹಂಗೇ ಇರೋ ನ್ಯಾಚುರಲ್ ಯುರೇನಿಯಂ, ಅದರಲ್ಲಿ ಸುಲಭವಾಗಿ ಒಡೆಯೋ 235 ಇರೋದು ಶೇಕಡಾ 0.7 ಮಾತ್ರ. ಇಷ್ಟು ಕಡಿಮೆ ಇದ್ರೂ ಚೈನ್ ನಡೀಬೇಕಂದ್ರೆ ನ್ಯೂಟ್ರಾನ್‌ಗಳನ್ನ ನಿಧಾನ ಮಾಡಬೇಕು, ನಿಧಾನ ಇದ್ದಾಗಲೇ 235 ಅದನ್ನ ಚೆನ್ನಾಗಿ ಹಿಡಿಯೋದು. ಗೋಲಿ ಆಟದಲ್ಲಿ ಒಂದು ಗೋಲಿ ಅದೇ ಸೈಜಿನ ಇನ್ನೊಂದಕ್ಕೆ ನೇರ ಹೋಗಿ ಬಡಿದ್ರೆ ಬಡಿದ ಗೋಲಿ ಅಲ್ಲೇ ನಿಂತು ಮುಂದಿನದು ಓಡತ್ತೆ ನೋಡಿ, ಹಂಗೆ ನ್ಯೂಟ್ರಾನ್ ಥರಾನೇ ಹಗುರ ಇರೋದಕ್ಕೆ ಬಡಿದ್ರೆ ನ್ಯೂಟ್ರಾನ್ ಬೇಗ ನಿಧಾನ ಆಗತ್ತೆ. ಮಾಮೂಲಿ ನೀರಿನ ಹೈಡ್ರೋಜನ್ ಇದಕ್ಕೆ ಸರಿಯಾಗಿದೆ, ಆದ್ರೆ ಅದು ನ್ಯೂಟ್ರಾನನ್ನೇ ನುಂಗಿಬಿಡತ್ತೆ. ಅದಕ್ಕೆ ಭಾರಜಲ, ಅಂದ್ರೆ ಹೈಡ್ರೋಜನ್ ಬದಲು ಡ್ಯೂಟೀರಿಯಂ ಇರೋ ನೀರು. ಈ ಡ್ಯೂಟೀರಿಯಂ ಹೆಸರು ನೆನಪಿಟ್ಕೊಳ್ಳಿ, ಫ್ಯೂಷನ್‌ನಲ್ಲಿ ಇದೇ ಇಂಧನ. ಕೈಗಾದಲ್ಲಿ ಅದು ನ್ಯೂಟ್ರಾನ್ ನಿಧಾನ ಮಾಡೋದು, ಬಿಸಿ ಸಾಗಿಸೋದು ಅಷ್ಟೇ ಮಾಡತ್ತೆ, ಸೇರಲ್ಲ.

ಒಡೆದ ಚೂರುಗಳ ವೇಗವೇ ಬಿಸಿ. ಆ ಬಿಸಿಯಿಂದ ಮಾಮೂಲಿ ನೀರು ಕಾಯಿಸಿ ಹಬೆ ಮಾಡಿ ಟರ್ಬೈನ್ ತಿರುಗಿಸ್ತಾರೆ, ಅಲ್ಲಿಂದ ಮುಂದೆ ರಾಯಚೂರು ಥರ್ಮಲ್‌ಗೂ ಕೈಗಾಗೂ ದೊಡ್ಡ ವ್ಯತ್ಯಾಸ ಏನಿಲ್ಲ. ವ್ಯತ್ಯಾಸ ಇರೋದು ಇಂಧನದಲ್ಲಿ, ಕೈಗಾದ ಒಂದು ಯೂನಿಟ್ ಒಂದು ದಿನ ಫುಲ್ ಓಡಿದ್ರೆ ಅದರಲ್ಲಿ ನಿಜವಾಗಿ ಒಡೆದಿರೋ ಪರಮಾಣುಗಳೆಲ್ಲ ಸೇರಿ ಒಂದು ಕೆಜಿಗಿಂತ ಕಡಿಮೆ, ರಾಯಚೂರಿನ ಅಷ್ಟೇ ಸೈಜಿನ ಯೂನಿಟ್ಟಿಗೆ ಸಾವಿರಾರು ಟನ್ ಕಲ್ಲಿದ್ದಲು ಬೇಕು. ಇನ್ನೊಂದು ಹೆಮ್ಮೆಯ ವಿಷಯ, ಈ ಥರದ ರಿಯಾಕ್ಟರಲ್ಲಿ ಓಡ್ತಾ ಇದ್ದಾಗಲೇ ಇಂಧನ ಬದಲಾಯಿಸಬಹುದು, ಹಂಗಾಗಿ ಕೈಗಾ 1ನೇ ಯೂನಿಟ್ 2016ರ ಮೇಯಿಂದ 2018ರ ಡಿಸೆಂಬರ್ ಕೊನೆವರೆಗೆ ಒಂದು ದಿನವೂ ನಿಲ್ಲದೆ 962 ದಿನ ಓಡಿ ಆಗ ವಿಶ್ವದಾಖಲೆ ಮಾಡಿತ್ತು.

ಕೈಗಾ ಅಣುಬಾಂಬ್ ಥರ ಸಿಡಿಯೋ ಚಾನ್ಸ್ ಇದ್ಯಾ?

ಬಾಂಬ್ ಥರ ಸಿಡಿಯಲ್ಲ, ಸಿಡಿಯೋಕೆ ಬೇಕಾದ ಸಾಮಾನೇ ಅಲ್ಲಿಲ್ಲ. ಹಿರೋಶಿಮಾ ಮೇಲೆ ಹಾಕಿದ ಬಾಂಬಲ್ಲಿ ಸುಮಾರು 64 ಕೆಜಿ ಯುರೇನಿಯಂ ಇತ್ತು, ಅದರಲ್ಲಿ 235 ಅಂಶವನ್ನ ಶೇಕಡಾ 80ರಷ್ಟಕ್ಕೆ ಏರಿಸಿದ್ರು. 0.7 ಎಲ್ಲಿ, 80 ಎಲ್ಲಿ.

ಹಾಗಂತ ಅಪಾಯಾನೇ ಇಲ್ಲ ಅಂತ ನಾನು ಹೇಳಲ್ಲ. ಫಿಷನ್ ನಿಲ್ಲಿಸಿದ ಮೇಲೂ ಒಡೆದ ಚೂರುಗಳು ಬಿಸಿ ಕೊಡ್ತಾನೇ ಇರ್ತವೆ, ನಿಲ್ಲಿಸಿದ ಕ್ಷಣದಲ್ಲಿ ಫುಲ್ ಪವರ್‌ನ ಶೇಕಡಾ 6-7ರಷ್ಟು, ಆಮೇಲೆ ನಿಧಾನಕ್ಕೆ ಇಳಿಯತ್ತೆ. ಒಲೆ ಆರಿಸಿದ್ರೂ ಕೆಂಡ ಇದ್ದೇ ಇರತ್ತಲ್ಲ, ಆ ಕೆಂಡಕ್ಕೆ ದಿನಗಟ್ಟಲೆ ನೀರು ಹಾಯಿಸ್ತಾನೇ ಇರಬೇಕು. ಸ್ಥಾವರದ ಅಸಲಿ ಕಷ್ಟ ಇರೋದು ಇಲ್ಲಿ.

ಕೈಗಾ ಶುರುವಾಗೋ ಮುಂಚೆ ಶಿವರಾಮ ಕಾರಂತರಂಥವರೇ ಕಾಡಿಗಾಗಿ, ಜನರಿಗಾಗಿ ಎದುರು ನಿಂತಿದ್ರು. 1994ರಲ್ಲಿ ಕಟ್ಟೋವಾಗ ಡೋಮ್‌ನ ಒಳಭಾಗ ಕುಸಿದು ಬಿದ್ದಿತ್ತು, ಆಗಿನ್ನೂ ಇಂಧನ ಹಾಕಿರಲಿಲ್ಲ. 2009ರಲ್ಲಿ ಕುಡಿಯೋ ನೀರಿನ ಕೂಲರ್‌ಗೆ ಟ್ರಿಟಿಯಂ (ಹೈಡ್ರೋಜನ್ನಿನ ರೇಡಿಯೋ ಆಕ್ಟಿವ್ ರೂಪ) ಇರೋ ಭಾರಜಲ ಯಾರೋ ಬೆರೆಸಿ ಹಲವು ಕೆಲಸಗಾರರ ಮೈಗೆ ಅದು ಸೇರಿತ್ತು. ಅಕ್ಕಪಕ್ಕದ ಊರಿನವರು ಪ್ರಶ್ನೆ ಕೇಳಿದ್ರೆ ಸೈನ್ಸ್ ಗೊತ್ತಿಲ್ಲದೋರು ಅಂತ ಬಾಯಿ ಮುಚ್ಚಿಸೋದು ತಪ್ಪು, ನೆಟ್ಟಗೆ ಉತ್ತರ ಕೊಡಬೇಕು. ನಾನು ಅಣುವಿದ್ಯುತ್ ಬೇಕು ಅನ್ನೋ ಕಡೆಯವಳು, ಆದ್ರೂ ಈ ಮಾತನ್ನ ಹೇಳೇ ಹೇಳ್ತೀನಿ.

ಫುಕುಶಿಮಾದಲ್ಲಿ ಹೈಡ್ರೋಜನ್ ಬ್ಲಾಸ್ಟ್ ಆಯ್ತು ಅಂತಾರೆ, ಅದು ಫ್ಯೂಷನ್ನಾ?

ಅಲ್ಲ. 2011ರ ಮಾರ್ಚ್ 11ರಂದು ಭೂಕಂಪ ಆದ ತಕ್ಷಣ ಓಡ್ತಿದ್ದ ರಿಯಾಕ್ಟರ್‌ಗಳು ತಾವಾಗೇ ನಿಂತ್ವು, ಫಿಷನ್ ಅಲ್ಲಿಗೆ ಮುಗೀತು. ಆಮೇಲೆ ಬಂದ ಸುನಾಮಿ ಡೀಸೆಲ್ ಜನರೇಟರ್‌ಗಳನ್ನ ಮುಳುಗಿಸ್ತು, ಪಂಪ್ ನಿಂತ್ವು, ಮೇಲೆ ಹೇಳಿದ ಕೆಂಡದ ಬಿಸಿಗೆ ಇಂಧನ ಕರಗ್ತು. ಇಂಧನದ ಕೊಳವೆಯ ಜಿರ್ಕೋನಿಯಂ ಅಷ್ಟು ಬಿಸಿಯಲ್ಲಿ ಹಬೆ ಜೊತೆ ಸೇರಿ ಹೈಡ್ರೋಜನ್ ಅನಿಲ ಬಿಡತ್ತೆ, ಆ ಅನಿಲ ಗಾಳಿ ಜೊತೆ ಸೇರಿ ಹೊತ್ತಿಕೊಂಡಿದ್ದು, ಮನೇಲಿ ಗ್ಯಾಸ್ ಲೀಕಾಗಿ ಹೊತ್ತಿಕೊಳ್ಳೋ ಥರದ್ದೇ ಕೆಮಿಕಲ್ ಸ್ಫೋಟ. 1986ರ ಚೆರ್ನೋಬಿಲ್‌ನಲ್ಲಿ ಮಾತ್ರ ಚೈನ್ ರಿಯಾಕ್ಷನ್ನೇ ಹಿಡಿತ ತಪ್ಪಿದ್ದು, ಅಲ್ಲೂ ಕಟ್ಟಡ ಹಾರಿಸಿದ್ದು ಹಬೆಯ ಒತ್ತಡ, ಆಮೇಲೆ ಗ್ರಾಫೈಟ್ ಉರೀತು.

ಸೂರ್ಯನಲ್ಲಿ ನಡೆಯೋದು ಫ್ಯೂಷನ್ ಅಂದ್ರೆ ಅದು ದೊಡ್ಡ ಹೈಡ್ರೋಜನ್ ಬಾಂಬ್ ಥರಾನಾ?

ಎಲ್ಲರೂ ಹಂಗೇ ಅಂದ್ಕೊಂಡಿರ್ತಾರೆ. ಸೂರ್ಯ ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ನನ್ನ ಹೀಲಿಯಂ ಮಾಡತ್ತೆ, ಅದರಲ್ಲಿ 40 ಲಕ್ಷ ಟನ್‌ಗಿಂತ ಜಾಸ್ತಿ ತೂಕ ಬೆಳಕು ಬಿಸಿಯಾಗಿ ಹೋಗತ್ತೆ. ಕೇಳಿದ್ರೆ ಭಯ ಆಗತ್ತೆ. ಆದ್ರೆ ಸೂರ್ಯ ಅಷ್ಟು ದೊಡ್ಡದಿರೋದ್ರಿಂದ, ಅದರ ನಡುಭಾಗದಲ್ಲಿ ಒಂದು ಘನ ಮೀಟರ್ ಜಾಗ ತಗೊಂಡ್ರೆ ಅಲ್ಲಿ ಹುಟ್ಟೋ ಶಕ್ತಿ ಮುನ್ನೂರು ವ್ಯಾಟಿಗಿಂತಲೂ ಕಡಿಮೆ, ಹಿತ್ತಲಲ್ಲಿ ಬಿಸಿಯಾಗ್ತಾ ಕೂತಿರೋ ಗೊಬ್ಬರದ ಗುಂಡಿ ಲೆಕ್ಕ! ಅಲ್ಲಿ ಒಂದು ಪ್ರೋಟಾನ್ ಇನ್ನೊಂದರ ಜೊತೆ ಸೇರೋಕೆ ಸರಾಸರಿ ನೂರಾರು ಕೋಟಿ ವರ್ಷ ಕಾಯತ್ತೆ. ಆ ನಿಧಾನವೇ ನಮ್ಮ ಪುಣ್ಯ, ಇಲ್ಲದಿದ್ರೆ ಸೂರ್ಯ ಯಾವತ್ತೋ ಮುಗಿದುಹೋಗಿ ಭೂಮಿ ಮೇಲೆ ಜೀವ ಹುಟ್ಟೋಕೆ ಟೈಮೇ ಇರ್ತಿರಲಿಲ್ಲ.

ನಕ್ಷತ್ರಗಳು ಹಿಂಗೇ ಸೇರಿಸ್ತಾ ಸೇರಿಸ್ತಾ ಕಬ್ಬಿಣದವರೆಗೆ ಬರ್ತವೆ, ಕಣಿವೆಯ ತಳ. ನಮ್ಮ ರಕ್ತದ ಕಬ್ಬಿಣ, ರಾಗಿಯ ಕ್ಯಾಲ್ಸಿಯಂ ಎಲ್ಲ ಹಂಗೆ ನಕ್ಷತ್ರಗಳಲ್ಲೇ ಆಗಿದ್ದು. ಯುರೇನಿಯಂ ಥರದ ಭಾರದವು ತಳದಿಂದ ಮತ್ತೆ ಮೇಲಕ್ಕೆ ಹತ್ತಬೇಕಲ್ಲ, ಅದಕ್ಕೆ ನ್ಯೂಟ್ರಾನ್ ತಾರೆಗಳು ಡಿಕ್ಕಿ ಹೊಡೆಯೋಷ್ಟು ದೊಡ್ಡ ಘಟನೆ ಬೇಕು, 2017ರ ಆಗಸ್ಟಲ್ಲಿ ಅಂಥ ಒಂದು ಡಿಕ್ಕಿಯನ್ನ ವಿಜ್ಞಾನಿಗಳು ಕಂಡ್ರು. ಅಂದ್ರೆ ಕೈಗಾದಲ್ಲಿ ನಾವು ಬಿಚ್ತಾ ಇರೋ ಶಕ್ತಿ ಯಾವುದೋ ತಾರೆ ಸಾಯೋವಾಗ ಕೂಡಿಟ್ಟು ಹೋಗಿದ್ದು. ಇದನ್ನ ಕ್ಲಾಸಲ್ಲಿ ಹೇಳೋವಾಗ ಈಗ್ಲೂ ನನಗೆ ಮೈ ಜುಮ್ ಅನ್ನತ್ತೆ.

ಸೂರ್ಯನ ಒಳಗೇ 1.5 ಕೋಟಿ ಡಿಗ್ರಿ, ಭೂಮಿ ಮೇಲೆ 15 ಕೋಟಿ ಡಿಗ್ರಿ ಯಾಕೆ ಬೇಕು? ಪಾತ್ರೆ ಕರಗಲ್ವಾ?

ಸೂರ್ಯನಿಗೆ ತನ್ನದೇ ಭಾರ ಇದೆ, ಒತ್ತಿ ಒತ್ತಿ ಸೇರಿಸತ್ತೆ, ಆತುರವೂ ಇಲ್ಲ. ನಮಗೆ ಆ ಭಾರ ಇಲ್ಲ, ಕೋಟಿಗಟ್ಟಲೆ ವರ್ಷ ಕಾಯೋಕೂ ಆಗಲ್ಲ, ಅದಕ್ಕೆ ವೇಗ ಜಾಸ್ತಿ ಮಾಡಿ ಗುಡ್ಡ ದಾಟಿಸಬೇಕು, ವೇಗ ಅಂದ್ರೆ ಬಿಸಿ. ಇಂಧನವೂ ಬೇರೆ, ಡ್ಯೂಟೀರಿಯಂ ಮತ್ತೆ ಟ್ರಿಟಿಯಂ ಅನ್ನೋ ಹೈಡ್ರೋಜನ್ನಿನ ಎರಡು ಭಾರದ ರೂಪ, ಇವೆರಡು ಎಲ್ಲಕ್ಕಿಂತ ಸುಲಭವಾಗಿ ಸೇರೋ ಜೋಡಿ.

ಅಷ್ಟು ಬಿಸಿಗೆ ಯಾವ ಪಾತ್ರೆನೂ ತಡೆಯಲ್ಲ, ಅದಕ್ಕೆ ತಾಗಿಸೋದೇ ಇಲ್ಲ. ಅಷ್ಟು ಬಿಸೀಲಿ ಅನಿಲ ಪ್ಲಾಸ್ಮಾ ಆಗಿರತ್ತೆ, ಚಾರ್ಜ್ ಇರತ್ತೆ, ಚಾರ್ಜ್ ಇದ್ದದ್ದು ಮ್ಯಾಗ್ನೆಟ್ ಮಾತು ಕೇಳತ್ತೆ. ಉದ್ದಿನ ವಡೆ ಆಕಾರದ ಟೊಳ್ಳು ಕೋಣೆ ಸುತ್ತ ಮ್ಯಾಗ್ನೆಟ್ ಕಟ್ಟಿ ಪ್ಲಾಸ್ಮಾವನ್ನ ನಡುವೆ ತೇಲಿಸಿ ಸುತ್ತಿಸ್ತಾರೆ, ಇದೇ ಟೋಕಮಾಕ್, 1950ರ ದಶಕದಲ್ಲಿ ಸೋವಿಯತ್ ರಷ್ಯಾದಲ್ಲಿ ಸಖರೋವ್ ಮತ್ತೆ ಟಾಮ್ ಯೋಚನೆ ಮಾಡಿದ್ದು. ದೊಡ್ಡ ಟೋಕಮಾಕ್‌ನಲ್ಲೂ ಒಂದು ಸಲಕ್ಕೆ ಒಳಗಿರೋ ಇಂಧನ ಕೆಲವೇ ಗ್ರಾಂ. ಮ್ಯಾಗ್ನೆಟ್ ಕೈಕೊಟ್ರೆ ಪ್ಲಾಸ್ಮಾ ಗೋಡೆಗೆ ತಾಗಿ ತಣ್ಣಗಾಗಿ ಆರಿಹೋಗತ್ತೆ, ಗೋಡೆ ಹಾಳಾಗಬಹುದು, ದುಡ್ಡು ಹಾಳಾಗಬಹುದು, ಊರು ಖಾಲಿ ಮಾಡಿಸೋ ಪರಿಸ್ಥಿತಿ ಬರಲ್ಲ. ಪ್ಲಾಸ್ಮಾವನ್ನ ಆರದ ಹಾಗೆ ಹಿಡಿದಿಡೋದೇ ದೊಡ್ಡ ಸಾಹಸ, 2025ರ ಫೆಬ್ರವರಿಯಲ್ಲಿ ಫ್ರಾನ್ಸಿನ ವೆಸ್ಟ್ ಅನ್ನೋ ಯಂತ್ರ 22 ನಿಮಿಷ ಹಿಡಿದಿಟ್ಟಿದ್ದು ದಾಖಲೆ ಆಯ್ತು.

2022ರಲ್ಲಿ ಅಮೆರಿಕದೋರು ಫ್ಯೂಷನ್ ಸಕ್ಸಸ್ ಮಾಡಿದ್ರು ಅಂತ ಬಂದಿತ್ತಲ್ಲ, ಆಮೇಲೇನಾಯ್ತು?

ಆ ಸುದ್ದಿ ನಿಜ, ಅರ್ಥ ಮಾಡ್ಕೊಂಡಿದ್ದು ಮಾತ್ರ ಅರ್ಧ. 2022ರ ಡಿಸೆಂಬರ್ 5ಕ್ಕೆ ಕ್ಯಾಲಿಫೋರ್ನಿಯಾದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯಲ್ಲಿ 192 ಲೇಸರ್‌ಗಳು ಸೇರಿ ಸಣ್ಣ ಇಂಧನದ ಗುಳಿಗೆ ಇಟ್ಟಿದ್ದ ಪುಟ್ಟ ಡಬ್ಬಿಗೆ 2.05 ಮೆಗಾಜೂಲ್ ಕೊಟ್ವು, ಫ್ಯೂಷನ್ನಿಂದ 3.15 ಮೆಗಾಜೂಲ್ ಬಂತು. ಕೊಟ್ಟಿದ್ದಕ್ಕಿಂತ ಜಾಸ್ತಿ ಬಂದಿದ್ದು ಅದೇ ಮೊದಲು, ಸಂತೋಷ ಪಡಲೇಬೇಕು. ಆದ್ರೆ ಆ ಲೇಸರ್‌ಗಳು ಗ್ರಿಡ್ಡಿಂದ ತಗೊಂಡಿದ್ದು ಸುಮಾರು 300 ಮೆಗಾಜೂಲ್. ಹಂಗಾಗಿ ಕರೆಂಟ್ ಲೆಕ್ಕದಲ್ಲಿ ಇನ್ನೂ ನಷ್ಟವೇ. ಇಂಗ್ಲೆಂಡಿನ ಜೆಟ್ ಟೋಕಮಾಕ್ 2023ರಲ್ಲಿ ಮುಚ್ಚೋ ಮುಂಚೆ 0.2 ಮಿಲಿಗ್ರಾಂ ಇಂಧನದಿಂದ 69 ಮೆಗಾಜೂಲ್ ತೆಗೀತು, ಅಲ್ಲೂ ಹೊರಗಿಂದ ಕೊಟ್ಟ ಶಕ್ತಿಯೇ ಜಾಸ್ತಿ.

ಹಂಗಾದ್ರೆ ಹೈಡ್ರೋಜನ್ ಬಾಂಬ್ ಹೆಂಗೆ ಮಾಡಿದ್ರು?

ಗುಡ್ಡ ದಾಟಿಸೋಕೆ ಬೇಕಾದ ಬಿಸಿ, ಒತ್ತಡವನ್ನ ಒಂದು ಫಿಷನ್ ಬಾಂಬ್ ಸಿಡಿಸಿ ಪಡೆದ್ರು. 1952ರ ನವೆಂಬರ್ 1ಕ್ಕೆ ಪೆಸಿಫಿಕ್ ಸಾಗರದಲ್ಲಿ ಅಮೆರಿಕ ಸಿಡಿಸಿದ್ದು 10.4 ಮೆಗಾಟನ್, ಹಿರೋಶಿಮಾದ್ದು ಸುಮಾರು 15 ಕಿಲೋಟನ್, ಲೆಕ್ಕ ಹಾಕಿ ಎಷ್ಟು ಪಟ್ಟು ಅಂತ. ಅದರ ಬಗ್ಗೆ ಇಷ್ಟು ಸಾಕು.

ಯಾವುದರಲ್ಲಿ ಶಕ್ತಿ ಜಾಸ್ತಿ?

ಇಲ್ಲಿ ಮಕ್ಕಳು ಜಾರಿ ಬೀಳ್ತಾರೆ. ಒಂದು ಸಲ ಒಡೆದ್ರೆ 200 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಒಂದು ಸಲ ಸೇರಿದ್ರೆ 17.6 ಮಾತ್ರ, ಹಂಗಾದ್ರೆ ಫಿಷನ್ನೇ ಜಾಸ್ತಿ ಅಂತ ಬರೀತಾರೆ. ಯುರೇನಿಯಂನಲ್ಲಿ ಪ್ರೋಟಾನ್ ನ್ಯೂಟ್ರಾನ್ ಸೇರಿ 235 ಇದಾವೆ, ಡ್ಯೂಟೀರಿಯಂ ಟ್ರಿಟಿಯಂ ಎರಡೂ ಸೇರಿದ್ರೂ 5. ತಲೆಗೆ ಎಷ್ಟು ಅಂತ ಭಾಗ ಹಾಕಿ, ಫಿಷನ್‌ಗೆ 1ಕ್ಕಿಂತ ಕಡಿಮೆ, ಫ್ಯೂಷನ್‌ಗೆ 3.5. ಅಂದ್ರೆ ಒಂದೇ ತೂಕದ ಇಂಧನಕ್ಕೆ ಫ್ಯೂಷನ್ ಸುಮಾರು 4 ಪಟ್ಟು.

ಫ್ಯೂಷನ್‌ನಲ್ಲಿ ವೇಸ್ಟೇ ಬರಲ್ಲ ಅಂತಾರೆ, ನಿಜಾನಾ?

ಪೂರ್ತಿ ನಿಜ ಅಲ್ಲ. ಸೇರಿದ್ಮೇಲೆ ಉಳಿಯೋದು ಹೀಲಿಯಂ, ಬಲೂನಿಗೆ ತುಂಬ್ತಾರಲ್ಲ ಅದೇ, ಏನೂ ತೊಂದರೆ ಇಲ್ಲ. ಆದ್ರೆ ಜೊತೆಗೆ ಬರೋ ವೇಗದ ನ್ಯೂಟ್ರಾನ್ ಶಕ್ತಿಯ ಶೇಕಡಾ 80 ಭಾಗ ಹೊತ್ಕೊಂಡು ಗೋಡೆಗೆ ಬಡಿಯತ್ತೆ, ಆ ಸ್ಟೀಲ್ ರೇಡಿಯೋ ಆಕ್ಟಿವ್ ಆಗತ್ತೆ, ಅದನ್ನ ದಶಕಗಟ್ಟಲೆ ಜೋಪಾನ ಮಾಡಬೇಕು. ಫಿಷನ್ ವೇಸ್ಟ್ ಕಥೆ ಬೇರೆ, ಸೀಸಿಯಂ-137 ಅರ್ಧ ಆಗೋಕೆ 30 ವರ್ಷ, ಪ್ಲುಟೋನಿಯಂ-239 ಅರ್ಧ ಆಗೋಕೆ 24,000 ವರ್ಷ.

ಸಮುದ್ರದ ನೀರಿಂದ ಕರೆಂಟ್ ಅಂತಾರೆ, ಇಂಧನ ಫ್ರೀನಾ?

ಡ್ಯೂಟೀರಿಯಂ ಮಟ್ಟಿಗೆ ಹೆಚ್ಚು ಕಮ್ಮಿ ನಿಜ, ಸಾವಿರ ಲೀಟರ್ ಸಮುದ್ರದ ನೀರಲ್ಲಿ ಸುಮಾರು 33 ಗ್ರಾಂ ಇದೆ. ಕಷ್ಟ ಇರೋದು ಟ್ರಿಟಿಯಂದು, ಅದು 12.3 ವರ್ಷಕ್ಕೆ ಅರ್ಧ ಕರಗಿಹೋಗತ್ತೆ, ಪ್ರಕೃತಿಯಲ್ಲಿ ಇಲ್ಲ ಅನ್ನೋಷ್ಟು ಕಮ್ಮಿ. ಈಗ ಸಿಗೋದು ಹೆಚ್ಚಾಗಿ ಕೈಗಾ ಥರದ ಭಾರಜಲದ ರಿಯಾಕ್ಟರ್‌ಗಳಲ್ಲೇ, ಅಂದ್ರೆ ಫ್ಯೂಷನ್‌ನ ಮೊದಲ ಊಟ ಫಿಷನ್ ಮನೆಯಿಂದಲೇ ಬರಬೇಕು. ಮುಂದಕ್ಕೆ ಫ್ಯೂಷನ್ ಯಂತ್ರದ ಗೋಡೆಯಲ್ಲೇ ಲಿಥಿಯಂ ಇಟ್ಟು ನ್ಯೂಟ್ರಾನ್ ಬಡಿಸಿ ಅಲ್ಲೇ ಟ್ರಿಟಿಯಂ ಬೆಳೆಸಬೇಕು ಅಂತ ಪ್ಲಾನ್. ಮಂಡ್ಯ ಜಿಲ್ಲೆ ಮಾರ್ಲಗಲ್ಲದಲ್ಲಿ ಲಿಥಿಯಂ ಸಿಕ್ಕಿದ್ದಾಗ ಎಲ್ಲರೂ ಬ್ಯಾಟರಿ ಬಗ್ಗೆನೇ ಮಾತಾಡಿದ್ರು, ಅದೇ ಲಿಥಿಯಂ ಮುಂದೊಂದು ದಿನ ಇದಕ್ಕೂ ಬೇಕಾಗತ್ತೆ.

ಭಾರತ ಫ್ಯೂಷನ್‌ನಲ್ಲಿ ಏನಾದ್ರೂ ಮಾಡ್ತಿದ್ಯಾ, ಯಾವಾಗ ಬರತ್ತೆ ಈ ಕರೆಂಟ್?

1955ರಲ್ಲಿ ಜಿನೀವಾದಲ್ಲಿ ಅಣುಶಕ್ತಿಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದು ಹೋಮಿ ಭಾಭಾ, ಅದಕ್ಕೂ ಮುಂಚೆ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಲ್ಲಿ ಕೆಲಸ ಮಾಡಿದ್ದವರು. ಇನ್ನು ಎರಡು ದಶಕದಲ್ಲಿ ಫ್ಯೂಷನ್ ಶಕ್ತಿಯನ್ನ ಹಿಡಿತಕ್ಕೆ ತರೋ ದಾರಿ ಸಿಗತ್ತೆ ಅಂತ ಅವರು ಅಲ್ಲಿ ಹೇಳಿದ್ರು. ಅದು ಆಗ್ಲಿಲ್ಲ. ಭಾಭಾ ತಪ್ಪು ಹೇಳಿದ್ರು ಅಂತ ನಾನು ಹಗುರವಾಗಿ ಮಾತಾಡಲ್ಲ, ಪ್ಲಾಸ್ಮಾ ಇಷ್ಟು ಹಠಮಾರಿ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

ಗಾಂಧಿನಗರದ ಇನ್‌ಸ್ಟಿಟ್ಯೂಟ್ ಫಾರ್ ಪ್ಲಾಸ್ಮಾ ರಿಸರ್ಚ್‌ನಲ್ಲಿ 1989ರಿಂದ ಆದಿತ್ಯ ಅನ್ನೋ ಟೋಕಮಾಕ್ ಇದೆ, ಆಮೇಲೆ ಸೂಪರ್‌ಕಂಡಕ್ಟರ್ ಮ್ಯಾಗ್ನೆಟ್ ಇರೋ ಎಸ್‌ಎಸ್‌ಟಿ-1. ಫ್ರಾನ್ಸಿನ ಕಡರಾಶ್‌ನಲ್ಲಿ ಹಲವು ದೇಶ ಸೇರಿ ಕಟ್ತಿರೋ ಇಟರ್‌ನಲ್ಲಿ ಭಾರತವೂ ಪಾಲುದಾರ. ಪ್ಲಾಸ್ಮಾಗೆ 50 ಮೆಗಾವ್ಯಾಟ್ ಬಿಸಿ ಕೊಟ್ಟು 500 ಮೆಗಾವ್ಯಾಟ್ ತೆಗೆಯೋದು ಅದರ ಗುರಿ. ಈಗಿನ ವೇಳಾಪಟ್ಟಿ ಪ್ರಕಾರ ಡ್ಯೂಟೀರಿಯಂ ಟ್ರಿಟಿಯಂ ಹಾಕಿ ನಡೆಸೋದು 2039ಕ್ಕೆ, ಅದೂ ಪ್ರಯೋಗ, ಅದರಿಂದ ಮನೆಗೆ ಕರೆಂಟ್ ಬರಲ್ಲ. ಹಾಗಾಗಿ ಇವತ್ತು ಪಿಯುಸಿ ಓದ್ತಿರೋ ಮಕ್ಕಳು ಕೆಲಸದಲ್ಲಿ ಗಟ್ಟಿಯಾಗಿ ನಿಂತ ಮೇಲಿನ ಮಾತು ಅಂತ ಇಟ್ಕೊಳ್ಳಿ.

ಮಗ ಫ್ಯೂಷನ್ ಕಡೆನೇ ಹೋಗ್ತೀನಿ ಅಂತಾನೆ ಮೇಡಂ, ಏನು ಓದಿಸ್ಬೇಕು?

ದಯವಿಟ್ಟು ತಡೀಬೇಡಿ. ಬಿಎಸ್ಸಿ ಎಂಎಸ್ಸಿ ಫಿಸಿಕ್ಸ್ ಮಾಡಿ ಜೆಸ್ಟ್ ಅನ್ನೋ ಪ್ರವೇಶ ಪರೀಕ್ಷೆ ಬರೆದು ಗಾಂಧಿನಗರದಲ್ಲಿ ಪಿಎಚ್‌ಡಿಗೆ ಹೋಗೋದು ಒಂದು ದಾರಿ. ಅದೊಂದೇ ಅಂತ ಅಂದ್ಕೋಬೇಡಿ, ಮ್ಯಾಗ್ನೆಟ್ಟನ್ನ ಮೈನಸ್ 269 ಡಿಗ್ರಿಯಲ್ಲಿ ಇಡೋಕೆ ಕ್ರಯೋಜೆನಿಕ್ಸ್ ಗೊತ್ತಿರೋರು ಬೇಕು, ಪವರ್ ಎಲೆಕ್ಟ್ರಾನಿಕ್ಸ್ ಬೇಕು, ವ್ಯಾಕ್ಯೂಮ್ ಬೇಕು, ಮೆಟಲರ್ಜಿ ಬೇಕು. ಇಟರ್‌ನ ಇಡೀ ಯಂತ್ರವನ್ನ ಸುತ್ತುವರಿಯೋ ಕ್ರಯೋಸ್ಟಾಟ್ ಅನ್ನೋ 3,850 ಟನ್‌ನ ಸ್ಟೀಲ್ ಡಬ್ಬ ಭಾರತದ ಪಾಲಿನ ಕೆಲಸ, ಅದರ 54 ತುಂಡುಗಳನ್ನ ಗುಜರಾತಿನ ಹಜೀರಾದಲ್ಲಿ ಮಾಡಿ ಹಡಗಲ್ಲಿ ಕಳಿಸಿ ಫ್ರಾನ್ಸಲ್ಲಿ ಜೋಡಿಸಿ ವೆಲ್ಡ್ ಮಾಡಿದಾರೆ. ಸುತ್ತ ಒಂದು ಕಡೆ ಗಾಳಿ ಸೋರಿದ್ರೂ ಒಳಗಿನ ವ್ಯಾಕ್ಯೂಮ್ ನಿಲ್ಲಲ್ಲ, ಹಂಗಾಗಿ ಆ ವೆಲ್ಡಿಂಗ್ ಮಾಡಿದವರೂ ಫ್ಯೂಷನ್ ಕೆಲಸವೇ ಮಾಡಿದ್ದು ಅಂತ ನಿಮ್ಮ ಮಗನಿಗೆ ಹೇಳಿ.